ಹಳೆಯ ಹೆಸರಿಗೆ ಓಗೊಡುವ ಪುಟ

ನಾನು ಮುಂಗೋಪದವಳು. ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಕಥೆ ಶುರುವಾಗುವುದೇ ನನ್ನ ಬೈಗುಳದಿಂದ. ಮೆಣಸಿನಕಾಯಿ ಒಣಹಾಕುವ ದಿನಗಳವು. ಸಂಶಿಯ ನಮ್ಮ ಮನೆಯ ಮಾಳಿಗೆಯ ತುಂಬ ಕಾಯಿ ಹರಡಿತ್ತು. ಅತ್ತೆ ಮೇಲೆ ಕೂತು ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುತ್ತಿದ್ದರು. ನಾನು ಕೆಳಗೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಬಾಯಿಗೆ ಬಂದದ್ದನ್ನೆಲ್ಲ ಅನ್ನುತ್ತಿದ್ದೆ. ಸದ್ದು ಕೇಳಿ ಅತ್ತೆ ಮೆಟ್ಟಿಲಿಳಿದು ಬಂದರು.

“ಯಾರಿಗೆ ಬೈಯಾಕತ್ತೀ ಬೇ?”

“ಪ್ಲಗಿನ್ನಿಗ್ರಿ, ಅತ್ತಿ.”

“ಅಂವಾ ಯಾವ ಊರಾಂವ?”

ನಗು ಬಂತು. ಆದರೆ ಆಗಿದ್ದೇನು ಎಂದು ಹೇಳುವ ಧೈರ್ಯ ಬರಲಿಲ್ಲ. ಏನಿಲ್ಲರಿ ಎಂದು ಅವರನ್ನು ಮೇಲೆ ಕಳಿಸಿದೆ. ಅವರು ದಿನವೂ ದಾರಿ ನೋಡುತ್ತಿದ್ದ ಗೆಳತಿ ಬಂದು, ನಮ್ಮ ಬಾಗಿಲು ಬಡಿದು, ಯಾರೂ ಇಲ್ಲವೆಂದು ತಿರುಗಿ ಹೋಗಿದ್ದಾಳೆ ಎಂದು ಹೇಗೆ ಹೇಳಲಿ?

ಬಾಗಿಲು ಎಂದರೆ ಮನೆಯದಲ್ಲ, ವೆಬ್‌ಸೈಟಿನದು. ನಮ್ಮ ಅಡುಗೆಯದ್ದೊಂದು ಸೈಟನ್ನು ನಾನು ಕೆಲವು ವರ್ಷಗಳಿಂದ ನಡೆಸುತ್ತಿದ್ದೇನೆ. ಖಡಕ್ ರೊಟ್ಟಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ, ಶೇಂಗಾ ಹಿಂಡಿ, ಹೀಗೆ ರೊಟ್ಟಿ, ಚಟ್ನಿಪುಡಿ ಮಾಡುವ ಬಗೆ ಬರೆಯುತ್ತೇನೆ, ಬೇಕೆಂದವರಿಗೆ ಕಟ್ಟಿ ಕಳಿಸುತ್ತೇನೆ. ನಾನು ಹುಟ್ಟಿದ್ದು ಕಲಘಟಗಿ ಕಡೆಯ ದೇವಿಕೊಪ್ಪದಲ್ಲಿ. ಅನ್ನ ಉಂಡು ಬೆಳೆದವಳು. ರೊಟ್ಟಿ ಬಡಿಯಲು ಕಲಿತದ್ದು, ಹಿಂಡಿ ಕುಟ್ಟಲು ಕಲಿತದ್ದು ಎಲ್ಲ ಅತ್ತೆಯ ಹತ್ತಿರ. ಹಾಗಾಗಿ ಸೈಟಿನಲ್ಲಿ ಬರೆಯುವ ಕೈ ನನ್ನದಾದರೂ ತಿಳಿವಳಿಕೆ ಪೂರ್ತಿ ಅವರದು.

ಯಾರಾದರೂ ಹಿಂಡಿ ಎಂದು ಹುಡುಕಿದಾಗ ನಮ್ಮ ಪುಟ ಮೇಲೆ ಕಾಣುವ ಹಾಗೆ ನೋಡಿಕೊಳ್ಳುವ ಸಾಧನಕ್ಕೆ ಎಸ್‌ಇಒ ಪ್ಲಗಿನ್ ಎನ್ನುತ್ತಾರೆ. ಇಷ್ಟು ವರ್ಷ ಪುಕ್ಕಟೆ ಸಿಗುವುದನ್ನೇ ಬಳಸುತ್ತಿದ್ದೆ. ಈ ಸಲ ಸೈಟ್ ಕಟ್ಟಿಕೊಟ್ಟ ಹುಬ್ಬಳ್ಳಿಯ ಗೃಹಸ್ಥರು ಫೋನ್ ಮಾಡಿದರು. “ಮೇಡಂ, ನಿಮ್ಮ ಸೈಟಿನ್ಯಾಗ ಅರ್ಧಕ್ಕರ್ಧ ಹಿಂದಿ ಪುಟ ಅದಾವಲ್ರಿ? ಕನ್ನಡದ್ದು ಅಂದಿದ್ರಿ?” ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹಿಂಡಿಯೂ ಒಂದೇ, ಹಿಂದಿಯೂ ಒಂದೇ. ನನಗೆ ಉರಿದುಹೋಯಿತು. “ಹಿಂದಿ ಅಲ್ರಿ ಸರ್, ಹಿಂಡಿ. ರೊಟ್ಟಿಗೆ ಹಚ್ಕೊಂಡು ತಿನ್ನೂದು. ಹುಬ್ಬಳ್ಳ್ಯಾಗ ಇದ್ದು ಹಿಂಡಿ ತಿಂದಿಲ್ಲೇನ್ರಿ?” ಅವರು ಪಾಪ ನಕ್ಕು, ಇಂಥ ಗೊಂದಲ ಸರಿಪಡಿಸಲು ಹಣ ಕಟ್ಟಿ ತೆಗೆದುಕೊಳ್ಳುವ ಪ್ಲಗಿನ್ನೇ ಒಳ್ಳೆಯದು, ರೀಡೈರೆಕ್ಟ್ ಮಾಡುವ ವ್ಯವಸ್ಥೆಯೂ ಅದರಲ್ಲೇ ಇದೆ ಎಂದರು. ನಾನು ತೆಗೆದುಕೊಂಡೆ.

ರೀಡೈರೆಕ್ಟ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ನಮ್ಮೂರ ಬಸ್ ನಿಲ್ದಾಣದ ಬಾಜು ಇದ್ದ ದರ್ಜಿ ಅಂಗಡಿ ಪೇಟೆಯೊಳಗೆ ಹೋಯಿತು. ದರ್ಜಿ ಹಳೆಯ ಕದದ ಮೇಲೆ ಸೀಮೆಸುಣ್ಣದಿಂದ ಬಾಣದ ಗುರುತು ಬರೆದಿಟ್ಟ. ಅರಿವೆ ಹಿಡಿದು ಬಂದವರು ಬಾಣ ನೋಡಿ ಹೊಸ ಅಂಗಡಿಗೆ ಹೋಗುತ್ತಿದ್ದರು. ಪುಟದ ವಿಳಾಸ ಬದಲಿಸಿದಾಗ ನಾವು ಬರೆಯುವ ಬಾಣಕ್ಕೇ ರೀಡೈರೆಕ್ಟ್ ಎನ್ನುವುದು. ನನ್ನ ಬಾಣಗಳೆಲ್ಲ ಬೇರೊಂದು ಚಿಕ್ಕ ಪುಕ್ಕಟೆ ಪ್ಲಗಿನ್ನಿನಲ್ಲಿದ್ದವು. ಹೊಸದು ಬಂತಲ್ಲ, ಇನ್ನು ಇದೇಕೆ ಎಂದು ಆ ಚಿಕ್ಕದನ್ನು ಬಂದ್ ಮಾಡಿಬಿಟ್ಟೆ. ಅದರೊಳಗಿನ ಬಾಣಗಳನ್ನು ಮೊದಲು ಹೊಸದಕ್ಕೆ ಸಾಗಿಸಬೇಕು ಎಂಬುದು ತಲೆಗೆ ಹೊಳೆಯಲೇ ಇಲ್ಲ. ಬಣ್ಣ ಬಳಿಯುವವರು ಬಂದು ಕದದ ಮೇಲಿನ ಬಾಣವನ್ನೂ ಸೇರಿಸಿ ಬಳಿದು ಹೋದಂತಾಯಿತು.

ಉಳಿದ ಬಾಣಗಳಷ್ಟೇ ಅಳಿಸಿದ್ದರೆ ಅಷ್ಟು ಸಂಕಟವಿರಲಿಲ್ಲ. ಅವುಗಳಲ್ಲಿ ಒಂದು ಅತ್ತೆಯ ಹೆಸರಿನದಿತ್ತು.

ಅತ್ತೆಯ ತವರು ಶಲವಡಿ. ಅಲ್ಲಿ ಅವರಿಗಿದ್ದದ್ದು ಬೇರೆ ಹೆಸರು. ಎರಡೇ ಅಕ್ಷರದ್ದು, ಓಣಿಯ ಆಚೆ ತುದಿಯಿಂದ ಕೂಗಲು ಹೇಳಿ ಮಾಡಿಸಿದಂಥದು. ಲಗ್ನವಾಗಿ ಸಂಶಿಗೆ ಬಂದಾಗ ತೊಡಕಾಯಿತು. ಅವರ ಅತ್ತೆಯ ಹೆಸರೂ ಅದೇ. ಸೊಸೆಯನ್ನು ಬೈದರೆ ಹಿರಿಯರ ಹೆಸರು ಹಿಡಿದು ಬೈದಂತಾಗುತ್ತದೆ, ಸೊಸೆಯನ್ನು ಬೈಯದೆ ಇರುವುದಂತೂ ಆಗದ ಮಾತು. ಹಾಗಾಗಿ ತಾಟಿನಲ್ಲಿ ಅಕ್ಕಿ ಹರಡಿ, ಅದರ ಮೇಲೆ ಬರೆದು, ಉದ್ದನೆಯ ಹೊಸ ಹೆಸರೊಂದನ್ನು ಇಟ್ಟರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದು ಇದ್ದದ್ದೇ. ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ.

ನನ್ನ ಮದುವೆಯಲ್ಲೂ ಅಕ್ಕಿಯ ತಾಟು ಬಂತು. ನನ್ನ ಮುಖ ಬಿಗಿದದ್ದನ್ನು ಯಾರು ನೋಡಿದರೋ ಬಿಟ್ಟರೋ, ಅತ್ತೆ ನೋಡಿದರು. “ತಾಟು ಒಳಗ ಒಯ್ರಿ. ಆಕಿ ಹೆಸರು ಹಂಗಽ ಇರ್ಲಿ. ಹೊಸ ಹೆಸರು ಕರದ್ರ ಓ ಅನ್ನಾಕ ನನಗ ಒಂದು ಸುಗ್ಗಿ ಹೋಗಿ ಇನ್ನೊಂದು ಸುಗ್ಗಿ ಬಂತು” ಎಂದರು. ಹಿರಿಯರು ಗೊಣಗಿದರು. ಅತ್ತೆ ಆ ಅಕ್ಕಿಯನ್ನು ಮರುದಿನ ಅನ್ನ ಮಾಡಿ ಎಲ್ಲರಿಗೂ ಬಡಿಸಿದರು. ಅವರ ಮೇಲಿನ ನನ್ನ ಪ್ರೀತಿ ಆ ಅನ್ನದಿಂದ ಶುರುವಾದದ್ದು. ಇದನ್ನು ಅವರೆದುರು ಎಂದೂ ಹೇಳಿಲ್ಲ, ಹೇಳಿದರೆ ‘ಸಾಕು ಸುಮ್ಕಿರು’ ಎನ್ನುತ್ತಾರೆ.

ಸೈಟಿನ ಮೊದಲ ಪುಟ ಬರೆದದ್ದು ಅವರ ಗುರೆಳ್ಳ ಹಿಂಡಿಯ ಮೇಲೆ. ಅದನ್ನು ಅವರು ಕಲಿತದ್ದು ಶಲವಡಿಯಲ್ಲಿ, ಲಗ್ನಕ್ಕೆ ಮುಂಚೆ. ಹಾಗಾಗಿ ತವರಿನ ಹೆಸರನ್ನೇ ತಲೆಬರಹಕ್ಕೆ ಹಾಕಿದೆ, ಪುಟದ ವಿಳಾಸದಲ್ಲೂ ಅದೇ ಬಂತು. ಯಾರೋ ಅದನ್ನು ಶಲವಡಿಯ ಮೊಬೈಲ್ ಗ್ರೂಪಿಗೆ ಹಾಕಿದರು. ವಾರವಾಗಿರಲಿಲ್ಲ, ನಮ್ಮ ಮಾವನ ತಮ್ಮ, ಬಾಜೂ ಮನೆಯ ಕಾಕಾ, ಬಂದು ಕಟ್ಟೆಯ ಮೇಲೆ ಕೂತರು. “ಅದು ನಮ್ಮವ್ವನ ಹೆಸರು. ಆ ಹೆಸರಿನ ಕೆಳಗ ವೈನಿ ಫೋಟೋ ಹಾಕೀರಿ. ನೋಡಿದವ್ರು ಏನಂದಾರು?” ಎಂದರು. ವೈನಿ ಎಂದರೆ ಅವರ ಅತ್ತಿಗೆ, ನನ್ನ ಅತ್ತೆ. ಅವರ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಅತ್ತೆ, “ಬದಲಿ ಮಾಡಿಬಿಡವಾ, ಹೋಗ್ಲಿ” ಎಂದರು. ನಾನು ಹಲ್ಲು ಕಚ್ಚಿ ಬದಲಿಸಿದೆ. ಪುಟಕ್ಕೆ ಗಂಡನ ಮನೆಯ ಹೆಸರು ಬಂತು. ಹಳೆಯ ವಿಳಾಸಕ್ಕೆ ಬಂದವರು ಹೊಸದಕ್ಕೆ ಹೋಗಲಿ ಎಂದು ಒಂದು ಬಾಣ ಬರೆದಿಟ್ಟೆ.

ಆ ಬಾಣವನ್ನು ನಾನು ಮರೆತೇಬಿಟ್ಟಿದ್ದೆ. ನೆನಪಾದದ್ದು ಅತ್ತೆ ಅಣ್ಣಿಗೇರಿಗೆ ಹೋಗಿ ಬಂದ ಮೇಲೆ. ಅಲ್ಲಿ ಬಸ್ಸಿಗೆ ಕಾಯುವಾಗ ಶಲವಡಿಯ ಹೆಂಗಸೊಬ್ಬಳು ಗುರುತು ಹಿಡಿದು ಮಾತಾಡಿಸಿದಳಂತೆ. ಆಕೆ ಹೇಳಿದ ಸುದ್ದಿ ಇದು: ಅತ್ತೆಯ ಬಾಲ್ಯದ ಗೆಳತಿ, ಸಾಂಗ್ಲಿ ಕಡೆ ಮದುವೆ ಮಾಡಿ ಕೊಟ್ಟವಳು, ಯಾರದೋ ಮನೆಯ ಶಾಂತಿಗೆಂದು ಶಲವಡಿಗೆ ಬಂದಿದ್ದಳು. ಬಂದವಳು ಓಣಿಯಲ್ಲೆಲ್ಲ ಅತ್ತೆಯನ್ನು ಕೇಳಿದಳು. ಅತ್ತೆಯ ತವರಿನ ಮನೆ ಮಾರಿ ಎಷ್ಟೋ ಕಾಲವಾಗಿದೆ, ಅಣ್ಣತಮ್ಮಂದಿರು ಊರು ಬಿಟ್ಟಿದ್ದಾರೆ. ಯಾರ ಹತ್ತಿರವೂ ನಂಬರಿಲ್ಲ. ಕೊನೆಗೆ ಯಾರೋ ಗ್ರೂಪಿನ ಹಳೆಯ ಲಿಂಕನ್ನು ಹುಡುಕಿ ಅವಳ ಫೋನಿಗೆ ಕಳಿಸಿದರು. ಅಲ್ಲಿ ನೆಟ್‌ವರ್ಕ್ ಸಿಗಲಿಲ್ಲ. ಊರಿಗೆ ಹೋಗಿ ತೆರೆದು ನೋಡುತ್ತೇನೆ, ಅಲ್ಲೇ ಬರೆದು ಹಾಕುತ್ತೇನೆ ಎಂದು ಗೆಳತಿ ಹೊರಟುಹೋದಳು. ಲಿಂಕ್ ಕಳಿಸಿದವರು ಯಾರು, ಗೆಳತಿಯ ನಂಬರೇನು ಎಂಬುದು ಬಸ್ಸಿನ ಹತ್ತಿರ ಸಿಕ್ಕ ಹೆಂಗಸಿಗೂ ಗೊತ್ತಿರಲಿಲ್ಲ.

ಅಂದಿನಿಂದ ಅತ್ತೆಗೆ ಅದೊಂದೇ ಜಪ. ಬೆಳಿಗ್ಗೆ ಚಹಾ ಕುಡಿಯುವಾಗ, “ಬಂತೇನ?” ಮಧ್ಯಾಹ್ನ ಊಟಕ್ಕೆ ಕೂತಾಗ, “ಬಂತೇನ?” ನಾನು ಇಲ್ಲವೆಂದರೆ ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. “ಬರ್ತಾಳ ಬಿಡು. ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನ?”

ಹಾಗೆ ಕೇಳಿ ಕೇಳಿ ನನಗೂ ಅನುಮಾನ ಬಂತು. ಹಳೆಯ ಹೆಸರಿನ ಲಿಂಕನ್ನು ನಾನೇ ಒತ್ತಿ ನೋಡಿದೆ. ‘ನೀವು ಹುಡುಕಿದ ಪುಟ ಇಲ್ಲಿಲ್ಲ’ ಎಂದು ಬಂತು. ಹೊಸ ಪ್ಲಗಿನ್ನಿನಲ್ಲಿ, ಇಲ್ಲದ ಪುಟಗಳನ್ನು ಕೇಳಿ ಯಾರಾದರೂ ಬಂದಿದ್ದರೆ ತೋರಿಸುವ ಒಂದು ಜಾಗವಿದೆ. ತೆರೆದೆ. ಆ ಎರಡಕ್ಷರದ ಹೆಸರಿನ ವಿಳಾಸವನ್ನು ಯಾರೋ ಕೇಳಿದ್ದರು. ಒಮ್ಮೆಯಲ್ಲ, ಮತ್ತೆ ಮತ್ತೆ. ಪ್ಲಗಿನ್ನಿನ ಹೆಸರು ಹಿಡಿದು ನಾನು ಬೈದದ್ದು ಆಗಲೇ. ಬೈಸಿಕೊಳ್ಳಬೇಕಾದವಳು ಲ್ಯಾಪ್‌ಟಾಪಿನ ಈಚೆ ಕಡೆ ಕೂತಿದ್ದಳು, ಅದು ಬೇರೆ ಮಾತು.

ಹಳೆಯ ಚಿಕ್ಕ ಪ್ಲಗಿನ್ನನ್ನು ಅಳಿಸಿರಲಿಲ್ಲ, ಬಂದ್ ಮಾತ್ರ ಮಾಡಿದ್ದೆ. ಅದೊಂದು ಪುಣ್ಯ. ಅದನ್ನು ಎಬ್ಬಿಸಿ, ಒಳಗಿದ್ದ ಬಾಣಗಳನ್ನೆಲ್ಲ ಹೊಸದಕ್ಕೆ ಸಾಗಿಸಿದೆ. ಹಳೆಯ ಲಿಂಕ್ ಒತ್ತಿದರೆ ಅತ್ತೆಯ ಪುಟ ತೆರೆಯಿತು. ಉಸಿರು ಬಿಟ್ಟು ಮಾಳಿಗೆ ಹತ್ತಿ, ಅತ್ತೆಯ ಎದುರು ಕೂತು, ಆದದ್ದನ್ನು ಹೇಳಿದೆ. ಈಗ ಸರಿಯಾಗಿದೆ, ಇನ್ನು ಅವರು ಬಂದರೆ ನೆಟ್ಟಗೆ ನಿಮ್ಮ ಪುಟಕ್ಕೇ ಬರುತ್ತಾರೆ ಎಂದು ಫೋನಿನಲ್ಲಿ ತೋರಿಸಿದೆ.

ಅತ್ತೆಯ ಮುಖದಲ್ಲಿ ಸಂತೋಷ ಕಾಣಲಿಲ್ಲ. ಪುಟದ ಮೇಲಿನ ಉದ್ದನೆಯ ಹೆಸರನ್ನು ನೋಡಿದರು, ಕೆಳಗಿನ ತಮ್ಮ ಫೋಟೋ ನೋಡಿದರು. ಕನ್ನಡಕ ಹಾಕಿಕೊಂಡ, ಕೂದಲು ಬೆಳ್ಳಗಾದ ಫೋಟೋ.

“ಇದನ್ನ ನೋಡಿ ಆಕಿ ನಾ ಅಲ್ಲ ಅಂತ ತಿಳ್ಕೊಂಡು ಹೋಗ್ತಾಳ” ಎಂದರು. “ಹಿಂದಕ ಒಮ್ಮೆ ಹಂಗಽ ಆಗೈತಿ.”

ಅವರು ಆ ಮಾತನ್ನು ನನಗೆ ಹೇಳಿದ್ದು ಅದೇ ಮೊದಲು. ಲಗ್ನವಾದ ಹೊಸತರಲ್ಲಿ ಆ ಗೆಳತಿ ಒಮ್ಮೆ ಸಂಶಿಗೇ ಬಂದಿದ್ದಳು. ಗಂಡನನ್ನು ಬಸ್ ನಿಲ್ಲುವಲ್ಲೇ ನಿಲ್ಲಿಸಿ, ಮನೆ ಹುಡುಕಿಕೊಂಡು ಬಂದು, ಬಾಗಿಲಲ್ಲಿ ನಿಂತು ಎರಡಕ್ಷರದ ಹೆಸರು ಹಿಡಿದು ಕೂಗಿದಳು. ಅತ್ತೆ ಹೊಲಕ್ಕೆ ಹೋಗಿದ್ದರು. ಅವರ ಅತ್ತೆ ಒಳಗಿನಿಂದ ‘ಓ’ ಎಂದು ಹೊರಗೆ ಬಂದರು.

“ನಮ್ಮತ್ತಿ ಅಂದ್ರಂತ, ಆ ಹೆಸರಿನಾಕಿ ನಾನಽ, ಮತ್ತ್ಯಾರೂ ಇಲ್ಲ ಇಲ್ಲೆ, ಅಂತ. ಈಕಿ ಸಣ್ಣಾಕಿ, ಹೆದರಿ ಹೊಳ್ಳಿ ಹೋದ್ಲು. ಸಂಜೀಕ ನಮ್ಮತ್ತಿ ಅದನ್ನ ನಕ್ಕೋಂತ ಹೇಳಿದ್ರು. ನನ್ನ ಹೆಸರು ಮೊದಲ ಏನಿತ್ತು ಅನ್ನೂದು ಅವರಿಗೆ ನೆಪ್ಪಽ ಇರಲಿಲ್ಲ. ನಾ ಬಸ್ ನಿಲ್ಲೂ ಜಾಗಾತನಕ ಓಡಿದ್ನಿ. ಬಸ್ ಹೋಗಿತ್ತು.”

ಹೇಳುತ್ತ ಅವರ ಕೈ ನಿಂತಿರಲಿಲ್ಲ. ತುಂಬು ಒಂದು ಕಡೆ, ಕಾಯಿ ಒಂದು ಕಡೆ ಬೀಳುತ್ತಲೇ ಇದ್ದವು. ನಾನು ಸರಿಪಡಿಸಿದೆ ಎಂದು ಬೀಗುತ್ತ ತೋರಿಸಿದ ಬಾಣ, ಗೆಳತಿಯನ್ನು ಮತ್ತೆ ಅದೇ ಬಾಗಿಲಿಗೆ ತಂದು, ಮತ್ತೆ ಬೇರೆ ಯಾರನ್ನೋ ತೋರಿಸುತ್ತಿತ್ತು. ಬಾಣ ಕೆಟ್ಟಾಗ ಮಾತ್ರವಲ್ಲ, ನೆಟ್ಟಗಿದ್ದಾಗಲೂ ಅವಳು ತಿರುಗಿ ಹೋಗುತ್ತಿದ್ದಳು.

“ತಿರುವಿ ಹಾಕೂಣೇನ್ರಿ, ಅತ್ತಿ?” ಎಂದೆ. “ಪುಟಕ್ಕ ನಿಮ್ಮ ತವರಮನಿ ಹೆಸರಽ ಇಡ್ತೀನಿ. ಈ ಹೆಸರಿಗೆ ಬಂದವ್ರನ್ನ ಆ ಹೆಸರಿಗೆ ಕಳಸ್ತೀನಿ.”

“ಎಷ್ಟು ದಿನ?”

“ನಾಕ್ ದಿನದ ಮಟ್ಟಿಗೆ ತಾತ್ಪೂರ್ತಿಕ ಅಂತ ಒಂದೈತ್ರಿ, ಕಾಯಂ ಅಂತ ಒಂದೈತ್ರಿ. ಹಚ್ಚುವಾಗ ಅದು ಕೇಳ್ತೈತಿ.”

“ನಿನ್ನ ಪ್ಲಗಿನ್ ಶಾಣ್ಯಾ ಅದಾನ. ನನ್ನ ಹೆಸರು ಬದಲಿ ಮಾಡುವಾಗ ಯಾರೂ ಕೇಳಿರಲಿಲ್ಲ” ಎಂದು ನಕ್ಕರು. ಆಮೇಲೆ ಕಾಯಿಯ ರಾಶಿಯನ್ನು ಒಮ್ಮೆ ಕೈಯಾಡಿಸಿ, “ಕಾಯಂ ಮಾಡು” ಎಂದರು.

ಕೆಳಗಿಳಿದು ಕೆಲಸಕ್ಕೆ ಕೂತೆ, ಅತ್ತೆಯೂ ಹಿಂದೆಯೇ ಬಂದು ಬಾಜು ಕೂತರು. ತಲೆಬರಹ ಬದಲಿಸಿದೆ, ವಿಳಾಸ ಬದಲಿಸಿದೆ. ವಿಳಾಸ ಬದಲಿಸಿದ ಕೂಡಲೆ ಹೊಸ ಪ್ಲಗಿನ್ ತಾನಾಗಿಯೇ ಬಾಣ ಬರೆಯಿತು. ಹಣ ತೆಗೆದುಕೊಂಡದ್ದಕ್ಕೆ ಒಂದಿಷ್ಟಾದರೂ ನಿಯತ್ತು ಇದೆ ಎಂದುಕೊಂಡು ಪುಟ ತೆರೆದೆ. ತೆರೆಯಲಿಲ್ಲ. ಬಿಳಿ ಪರದೆಯ ಮೇಲೆ, ಈ ಪುಟ ನಿಮ್ಮನ್ನು ತೀರಾ ಹೆಚ್ಚು ಸಲ ಬೇರೆ ಕಡೆ ಕಳಿಸುತ್ತಿದೆ ಎಂಬ ಮಾತು. ಮತ್ತೆ ಒತ್ತಿದರೂ ಅದೇ. ನನ್ನ ಪಿತ್ತ ನೆತ್ತಿಗೇರಿತು. ಮಧ್ಯಾಹ್ನ ಸಾಗಿಸಿ ತಂದ ಹಳೆಯ ಬಾಣ ಇನ್ನೂ ಅಲ್ಲೇ ಇತ್ತು ಎನ್ನುವುದು ತಿಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು. ತವರಿನ ಹೆಸರಿಗೆ ಬಂದವರನ್ನು ಹಳೆಯ ಬಾಣ ಗಂಡನ ಮನೆಯ ಹೆಸರಿಗೆ ಕಳಿಸುತ್ತಿತ್ತು, ಅಲ್ಲಿಂದ ಹೊಸ ಬಾಣ ತವರಿಗೆ ಕಳಿಸುತ್ತಿತ್ತು.

ಅತ್ತೆಗೆ ಬಿಡಿಸಿ ಹೇಳಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ಹೊಸದಾಗಿ ಲಗ್ನ ಆದಾಕಿ ಗತಿನಽ ಹಂಗ ಬೇ. ಅತ್ತಿಮನ್ಯಾಗ ಇದ್ರ ತವರಮನಿ ಚಿಂತಿ, ತವರಮನಿಗೆ ಹೋದ್ರ ‘ಯಾವಾಗ ಹೋಗ್ತೀ’ ಅಂತಾರ.” ನಾನೂ ನಕ್ಕೆ. ನಕ್ಕ ಮೇಲೆ ಕೈ ಸರಿಯಾಗಿ ಓಡಿತು. ಹಳೆಯ ಬಾಣವನ್ನು ಹುಡುಕಿ ಅಳಿಸಿದೆ. ಪುಟ ತೆರೆಯಿತು. ಅತ್ತೆ ತಮ್ಮ ಎರಡಕ್ಷರದ ಹೆಸರನ್ನು ಬಾಯಿಬಿಟ್ಟು ಓದಿದರು, ಬೇರೆ ಯಾರದೋ ಹೆಸರು ಓದಿದ ಹಾಗೆ, ನಿಧಾನಕ್ಕೆ.

ಕಾಕಾ ಬಂದದ್ದು ಮರುದಿನ ಸಂಜೆ. ಸುದ್ದಿ ಅವರಿಗೆ ಹೇಗೆ ಮುಟ್ಟಿತೋ ಗೊತ್ತಿಲ್ಲ, ನಮ್ಮೂರಲ್ಲಿ ಸುದ್ದಿಗೆ ರೀಡೈರೆಕ್ಟ್ ಬೇಕಾಗುವುದಿಲ್ಲ. ಚಹಾ ಕೊಟ್ಟೆ. ಕಪ್ಪು ಮುಟ್ಟಲಿಲ್ಲ. “ವೈನಿ, ಮತ್ತ ಅದಽ ಹೆಸರು ಹಾಕೀರಂತಲ್ರಿ” ಎಂದರು. ನನ್ನ ನಾಲಿಗೆ ತುದಿಗೆ ಬಂದ ಮಾತನ್ನು ಅತ್ತೆ ಕಣ್ಣಿನಲ್ಲೇ ತಡೆದು ತಾವೇ ಮಾತಾಡಿದರು.

“ನಿಮ್ಮವ್ವ ಆ ಹೆಸರಿನ್ಯಾಗ ತುಂಬು ಬಾಳೇವು ಮಾಡಿ ಹೋದ್ರು, ಕಾಕಾ. ಅವರಿದ್ದಾಗ ನಾ ಒಮ್ಮ್ಯಾರ ಕೇಳೀನೇನ್ರಿ? ಈಗ ನನ್ನ ಕೇಳಾಕ ಆಕಿ ಒಬ್ಬಾಕಿ ಬರಾಕತ್ತಾಳ. ಇನ್ನಾರ ನನ್ನ ಹೆಸರು ನನಗ ಕೊಡ್ರಿ.”

ಕಾಕಾ ಕಪ್ಪು ಕೈಗೆತ್ತಿಕೊಂಡರು. ಆರಿದ ಚಹಾವನ್ನೇ ಕುಡಿದರು. ಹೋಗುವಾಗ ಚಪ್ಪಲಿ ಮೆಟ್ಟುತ್ತ, “ಆತು ತಗೋರಿ. ನನಗ ಮಾತ್ರ ಆ ಹೆಸರು ಹಿಡದು ಕರಿಯಾಕ ಹೇಳಬ್ಯಾಡ್ರಿ” ಎಂದರು. ಅವರೆಂದೂ ವೈನಿಯನ್ನು ಹೆಸರು ಹಿಡಿದು ಕರೆದವರೇ ಅಲ್ಲ. ಆದರೂ ಆ ಮಾತಿನಿಂದ ಇಬ್ಬರಿಗೂ ಹಗುರಾಯಿತು ಎಂದು ನನಗೆ ಅನ್ನಿಸಿತು.

ಆಮೇಲೆ ಕಾಯುವುದೊಂದೇ ಉಳಿಯಿತು. ಅತ್ತೆ ‘ಬಂತೇನ’ ಎಂದು ಕೇಳುವುದನ್ನು ಬಿಟ್ಟರು, ನನಗೆ ಅದೇ ಹೆಚ್ಚು ಹಿಂಸೆಯಾಯಿತು. ಎರಡು ಸಲ ಮುಚ್ಚಿದ ಬಾಗಿಲು ಕಂಡವಳು ಮೂರನೆಯ ಸಲ ಯಾಕೆ ಬರುತ್ತಾಳೆ ಎಂದು ಮನಸ್ಸು ಕುಟುಕುತ್ತಿತ್ತು. ರೊಟ್ಟಿ ಬಡಿಯುವಾಗ ನಡುವೆ ಎದ್ದು ಹಿಟ್ಟಿನ ಕೈಯಲ್ಲೇ ಫೋನ್ ನೋಡುತ್ತಿದ್ದೆ. ಹಿಂಡಿಗೆ ಆರ್ಡರು ಬರುತ್ತಿದ್ದವು, ಹೊಗಳಿಕೆ ಬರುತ್ತಿತ್ತು, ಅದೊಂದು ಬರುತ್ತಿರಲಿಲ್ಲ.

ಕಾಯಿ ಚೀಲಕ್ಕೆ ತುಂಬುವ ಹೊತ್ತಿಗೆ ಬಂತು. ಪುಟದ ಕೆಳಗೆ ಗೆಳತಿಯ ಮೊಮ್ಮಗಳು ಬರೆದಿದ್ದಳು. ಅಜ್ಜಿ ಈ ಲಿಂಕನ್ನು ಅಳಿಸಲು ಬಿಟ್ಟಿಲ್ಲ, ನಾನು ಊರಿಗೆ ಬಂದಾಗಲೆಲ್ಲ ತೆಗೆಸಿ ನೋಡುತ್ತಾರೆ, ಇವತ್ತು ತೆರೆಯಿತು, ಹೆಸರು ನೋಡಿ ಇವಳೇ ಎನ್ನುತ್ತಿದ್ದಾರೆ, ಇದು ನಮ್ಮ ನಂಬರು, ದಯವಿಟ್ಟು ಫೋನ್ ಮಾಡಿ. ಓದುತ್ತ ಓದುತ್ತಲೇ ನಾನು ಮಾಳಿಗೆ ಹತ್ತಿದೆ.

ಅತ್ತೆಯ ಕೈ ಮೆಣಸಿನಕಾಯಿಯದಾಗಿತ್ತು, ಫೋನ್ ಹಿಡಿಯುವಂತಿರಲಿಲ್ಲ. ನಾನೇ ನಂಬರ್ ಒತ್ತಿ ಅವರ ಕಿವಿಗೆ ಹಿಡಿದೆ. ಆಚೆ ಕಡೆ ಮೊಮ್ಮಗಳ ದನಿ, ಯಾರಿಗೋ ಫೋನ್ ದಾಟಿಸಿದ ಸದ್ದು, ಆಮೇಲೆ ಒಂದು ಮುದಿ ದನಿ. ಅದು ಹಲೋ ಅನ್ನಲಿಲ್ಲ. ಸಾಂಗ್ಲಿಯಿಂದ ಸಂಶಿಯವರೆಗೆ ತಾನೇ ಕೂಗಿ ಮುಟ್ಟಿಸಬೇಕು ಎಂಬಂತೆ ಗಟ್ಟಿಯಾಗಿ, ಕೊನೆಯ ಅಕ್ಷರವನ್ನು ಎಳೆದು, ಆ ಎರಡಕ್ಷರದ ಹೆಸರನ್ನು ಕರೆಯಿತು. ನನಗೂ ಕೇಳಿಸಿತು. ಬಾಜೂ ಮನೆಯ ಮಾಳಿಗೆಯ ಮೇಲಿದ್ದ ಕಾಕಾನಿಗೂ ಕೇಳಿಸಿರಬೇಕು, ಅವರು ತಿರುಗಿ ನೋಡಿದರು.

ಅತ್ತೆ ಎದ್ದು ನಿಂತರು. ಕರೆದವಳು ಓಣಿಯ ಆ ತುದಿಯಲ್ಲಿ ನಿಂತಿದ್ದಾಳೇನೋ ಎನ್ನುವಂತೆ ಮುಖವೆತ್ತಿ, ಅವಳಷ್ಟೇ ಗಟ್ಟಿಯಾಗಿ, “ಓ” ಎಂದರು.